ಕಟ್ಟಿನಲ್ಲಿರುವ ಕಾಲು, ಕಟ್ಟಿನಾಚೆಯ ಮೈ

ಪ್ರಶ್ನೆ: ಕಾಯಿ ಕೀಳಲು ಮರ ಹತ್ತಿದ್ದ ನಮ್ಮ ಯಜಮಾನರು ಜಾರಿ ಬಿದ್ದು, ಎಡಗಾಲಿನ ಮೊಣಕಾಲ ಕೆಳಗಿನ ಮೂಳೆ ಮುರಿದಿದೆ. ತೊಡೆಯಿಂದ ಪಾದದವರೆಗೆ ಸಿಮೆಂಟ್ ಕಟ್ಟು ಹಾಕಿ ಮನೆಗೆ ಕಳಿಸಿದ್ದಾರೆ. ಎರಡು ವಾರವಾಯಿತು. ನವೆ ತಡೆಯಲಾರದೆ ಕಟ್ಟಿನೊಳಗೆ ಪೊರಕೆ ಕಡ್ಡಿ ತೂರಿಸಿಕೊಳ್ಳುತ್ತಾರೆ. ಬೆಡ್‌ಪ್ಯಾನ್ ತಂದರೆ ಮುಖ ತಿರುಗಿಸುತ್ತಾರೆ, ನೀರೂ ಸರಿಯಾಗಿ ಕುಡಿಯುತ್ತಿಲ್ಲ. ಸೊಂಟದ ಕೆಳಗೆ ಕೆಂಪಗಾಗಿದೆ. ಇದನ್ನು ಬಿಚ್ಚಿಸಿ ನಾಟಿ ಕಟ್ಟು ಹಾಕಿಸೋಣ ಎಂದು ಅತ್ತೆ ಹಟ ಹಿಡಿದಿದ್ದಾರೆ. ನನಗೆ ದಿಕ್ಕೇ ತೋಚುತ್ತಿಲ್ಲ.
— ಹೆಸರು ಬೇಡ, ತುರುವೇಕೆರೆ ತಾಲ್ಲೂಕು

ಉತ್ತರ: ತಂಗೀ, ನಿಮ್ಮ ಕಾಗದದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ನೀರು ಕುಡಿಯುತ್ತಿಲ್ಲ ಎಂಬ ಮಾತು. ಅಲುಗದಂತೆ ಇಟ್ಟರೆ ಮುರಿದ ಮೂಳೆ ತನ್ನಷ್ಟಕ್ಕೆ ಕೂಡಿಕೊಳ್ಳುತ್ತದೆ. ಆ ಜಾಗದ ದೊಡ್ಡ ಮೂಳೆಗೆ ಮೂರು ನಾಲ್ಕು ತಿಂಗಳು ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಅದು ಕಟ್ಟಿನ ಕೆಲಸ. ಅಷ್ಟು ದಿನ ಮಲಗಿಯೇ ಇರುವ ಉಳಿದ ಮೈಯನ್ನು ಕಾಯುವುದು ಮನೆಯವರ ಕೆಲಸ. ನೋಡಲು ಬಂದವರೆಲ್ಲ ಕಾಲನ್ನಷ್ಟೇ ನೋಡಿ ಹೋಗುತ್ತಾರೆ. ನೀವು ಹಾಗೆ ಮಾಡುವಂತಿಲ್ಲ.

ಮುಗಿಲೆತ್ತರದ ಮರವನ್ನು ಸರಸರನೆ ಹತ್ತುತ್ತಿದ್ದ ಗಂಡಸಿಗೆ ಹೆಂಡತಿಯ ಮುಂದೆ ಸೊಂಟ ಎತ್ತಿಕೊಡುವುದೆಂದರೆ ಬಲು ಸಂಕೋಚ. ಕರೆಯಬೇಕಾಗುತ್ತದಲ್ಲ ಎಂದು ನೀರು ಬಿಡುತ್ತಾರೆ, ಊಟ ಕಡಿಮೆ ಮಾಡುತ್ತಾರೆ. ಆಗ ಮಲಬದ್ಧತೆ, ಉರಿಮೂತ್ರ ಶುರುವಾಗುತ್ತವೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ಆದ್ದರಿಂದ ಗದರುವುದಕ್ಕೆ ಮೊದಲು ಆ ಸಂಕೋಚಕ್ಕೊಂದು ದಾರಿ ಮಾಡಿ. ಮೂತ್ರದ ಕ್ಯಾನ್ ಅವರ ಕೈಗೆ ಸಿಗುವಂತೆ ಮಂಚದ ಪಕ್ಕದಲ್ಲೇ ಇರಲಿ, ಕರೆಯುವ ಪ್ರಮೇಯವೇ ಬೇಡ. ಮಂಚಕ್ಕೆ ಹಳೆ ಸೀರೆಯನ್ನು ಪರದೆ ಕಟ್ಟಿ. ಮೇಲೆ ಗಟ್ಟಿ ತೊಲೆಯಿದ್ದರೆ ಹಗ್ಗ ಇಳಿಬಿಟ್ಟು, ತುದಿಗೆ ಅಡ್ಡಲಾಗಿ ಒಂದು ಗಿಡ್ಡ ದೊಣ್ಣೆ ಕಟ್ಟಿ, ಎದೆಯ ನೇರಕ್ಕೆ ಎಟಕುವಂತಿರಲಿ. ನಾರಿನ ಹಗ್ಗವಾದರೆ ಅಂಗೈ ತರಚೀತು, ಬಟ್ಟೆ ಸುತ್ತಿ. ಮರ ಹತ್ತಿದ ತೋಳು ಅವರದು. ಬಲಗಾಲು ಮಡಿಸಿ ಊರಿ, ದೊಣ್ಣೆ ಹಿಡಿದು ಸೊಂಟವನ್ನು ತಾವೇ ಎತ್ತಿಕೊಳ್ಳಬಲ್ಲರು. ಆ ಹೊತ್ತಿಗೆ ನೀವು ಬೆಡ್‌ಪ್ಯಾನ್ ಸರಿಸಿದರಾಯಿತು. ನಿಮ್ಮ ಬೆನ್ನೂ ಉಳಿಯುತ್ತದೆ. ಬೆಳಿಗ್ಗೆ ಬಿಸಿ ಕಾಫಿ ಕುಡಿದ ಮೇಲೆ ಹೊತ್ತು ಹಿಡಿದು ಇಡಿ, ಹೊರಗೆ ಬಂದು ಬಾಗಿಲು ಹಾಕಿಕೊಳ್ಳಿ.

ಒಂದು ಎಚ್ಚರ: ಎತ್ತರದಿಂದ ಬಿದ್ದವರಿಗೆ ಬೆನ್ನುಮೂಳೆಗೂ ಪೆಟ್ಟಾಗಿರುವುದುಂಟು. ಬೆನ್ನು ನೋಯುತ್ತಿದ್ದರೆ ಡಾಕ್ಟರನ್ನು ಕೇಳದೆ ಇದಾವುದನ್ನೂ ಮಾಡಿಸಬೇಡಿ. ಕಾಲು ಜೋಮು ಹಿಡಿದರೆ ಅಥವಾ ಮೂತ್ರ ಕಟ್ಟಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಆ ಕೆಂಪು. ಬೆರಳಿನಿಂದ ಒತ್ತಿ ಬಿಡಿ. ಒತ್ತಿದಲ್ಲಿ ಬಿಳಿಚಿ ಮತ್ತೆ ಕೆಂಪಾದರೆ ಚರ್ಮಕ್ಕಿನ್ನೂ ಜೀವ ಇದೆ. ಬಣ್ಣ ಬದಲಾಗದಿದ್ದರೆ ಹಾಸಿಗೆ ಹುಣ್ಣು ಆಗಲೇ ಶುರುವಾಗಿದೆ ಎಂದು ತಿಳಿದು ನರ್ಸಿಗೆ ತೋರಿಸಿ. ನಮ್ಮವರ ಕಪ್ಪು ಮೈಯಲ್ಲಿ ಕೆಂಪು ಎದ್ದು ಕಾಣದು. ಮುಟ್ಟಿದರೆ ಬಿಸಿಯಾಗಿ, ಗಟ್ಟಿಯಾಗಿ ಸಿಗುತ್ತದೆ. ಅಲ್ಲಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಬೇಡಿ, ಒಳಗಿನ ಮಾಂಸ ಇನ್ನಷ್ಟು ನಜ್ಜಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೇ ಮದ್ದು. ಬಲಗಾಲಿನ ಹಿಮ್ಮಡಿಯನ್ನೂ ದಿನಾ ನೋಡಿ. ಮೇಲಕ್ಕೆ ಜರುಗಲು ಅದನ್ನೇ ಊರಿ ತಳ್ಳುತ್ತಾರಲ್ಲ, ಎಷ್ಟೋ ಜನಕ್ಕೆ ಹುಣ್ಣಾಗುವುದು ಮುರಿಯದ ಕಾಲಿಗೇ.

ಪೊರಕೆ ಕಡ್ಡಿಯನ್ನು ಇವತ್ತೇ ಕಸಿದುಕೊಳ್ಳಿ. ಒಳಗೆ ಗೀರಾದರೆ ಕಾಣುವುದಿಲ್ಲ, ಕೀವಾಗಿ ವಾಸನೆ ಬಂದಾಗಲೇ ಗೊತ್ತಾಗುವುದು. ಎಣ್ಣೆ, ಪೌಡರ್ ಯಾವುದನ್ನೂ ಒಳಗೆ ಬಿಡಬೇಡಿ. ನವೆ ತಡೆಯಲಾಗದಿದ್ದರೆ ಕಟ್ಟಿನ ಮೇಲೆ ಮೆಲ್ಲಗೆ ತಟ್ಟಿ, ಫ್ಯಾನ್ ಹಾಕಿ. ಹೆಚ್ಚಾದರೆ ಡಾಕ್ಟರು ಮಾತ್ರೆ ಕೊಡುತ್ತಾರೆ.

ಹೊತ್ತು ಹೊತ್ತಿಗೆ ಎಡಗಾಲಿನ ಬೆರಳು ನೋಡಿ. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ, ಮಾತ್ರೆ ನುಂಗಿದರೂ ನೋವು ಏರುತ್ತಲೇ ಹೋದರೆ ನಡುರಾತ್ರಿಯಾದರೂ ಹೊರಡಿ. ಬೆಳಗಾಗಲಿ ಎಂದು ಕಾದರೆ ಕಾಲೇ ಹೋದೀತು. ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡಿ.

ಅತ್ತೆಯವರನ್ನು ಬೈಯಬೇಡಿ. ಮಗನ ಮೇಲಿನ ಸಂಕಟ ಅದು. ಆಂಧ್ರದ ಪುತ್ತೂರು ಕಟ್ಟಿನ ಹೆಸರು ನಮ್ಮ ಕಡೆಯೂ ದೊಡ್ಡದು. ಆದರೆ ಈಗ ಬಿಚ್ಚಿದರೆ ಕೂಡಲು ಹೊರಟ ಮೂಳೆ ಜರುಗುತ್ತದೆ. ದಬ್ಬೆ ಇಟ್ಟು ಬಿಗಿದ ಕಟ್ಟಿನೊಳಗೆ ರಕ್ತ ಓಡದೆ ಕಾಲು ಕತ್ತರಿಸಬೇಕಾಗಿ ಬಂದದ್ದೂ ಉಂಟು. ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ ಬೆಂಗಳೂರು ಜಯನಗರದ ಸರ್ಕಾರಿ ಸಂಜಯ್ ಗಾಂಧಿ ಆಸ್ಪತ್ರೆಗೆ ಎಕ್ಸ್‌ರೇ ಸಮೇತ ಹೋಗಿ, ರೇಷನ್ ಕಾರ್ಡ್ ಜೊತೆಗಿರಲಿ. ಯಜಮಾನರು ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆಗೆ ಮೊದಲೇ ಹೆಸರು ಕೊಟ್ಟಿದ್ದರೆ ಪರಿಹಾರಕ್ಕೆ ಬೇಗ ಅರ್ಜಿ ಹಾಕಿ.

ಅತ್ತೆಗೆ ಊಟದ ಹೊಣೆ ಒಪ್ಪಿಸಿ. ಪಥ್ಯವೆಂದು ಬರೀ ಗಂಜಿ ಕೊಟ್ಟರೆ ಮೂಳೆ ಬೆಳೆಯದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಹುರುಳಿ ಸಾರು, ಸೊಪ್ಪು, ಹಾಲು, ಒಗ್ಗಿದರೆ ಮೊಟ್ಟೆ ಇರಲಿ. ತೋಟದ ಎಳನೀರು ಒಳ್ಳೆಯದೇ, ಆದರೆ ಮೂತ್ರಪಿಂಡದ ತೊಂದರೆ ಇರುವವರು ಕೇಳಿ ಕುಡಿಯಬೇಕು. ಬೀಡಿ ಸೇದುವವರಾದರೆ ನಿಲ್ಲಿಸಲೇಬೇಕು; ಹೊಗೆ ಮೂಳೆ ಕೂಡುವುದನ್ನು ತಡಮಾಡುತ್ತದೆ.

ಮುಂದಿನ ಸಲ ಎಕ್ಸ್‌ರೇಗೆ ಹೋದಾಗ ಮೂರು ಮಾತು ಕೇಳಿ ಬನ್ನಿ: ಕಟ್ಟಿನೊಳಗೇ ತೊಡೆ ಬಿಗಿಹಿಡಿದು ಬಿಡುವ ವ್ಯಾಯಾಮ ಈಗಲೇ ಮಾಡಿಸಬಹುದೇ, ಊರುಗೋಲು ಹಿಡಿದು ಎದ್ದು ನಿಲ್ಲುವುದು ಯಾವಾಗ, ಎಡಗಾಲಿಗೆ ಭಾರ ಹಾಕುವುದು ಯಾವಾಗ. ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ.