ಶುಂಠಿ ಡಬ್ಬ

ಮೈಸೂರು,
ಭಾನುವಾರ ಬೆಳಿಗ್ಗೆ

ಚಿರಂಜೀವಿ ಸಿಂಧು,

ಅಮ್ಮನ ಮಂಡಿನೋವು ಹಾಗೇ ಇದೆ. ಏರಿಲ್ಲ, ಇಳಿದೂ ಇಲ್ಲ. ಹೇಳಬೇಕಾದ್ದನ್ನು ವಾಟ್ಸಾಪಿನಲ್ಲೇ ಬರೆಯಬಹುದಿತ್ತು. ಆದರೆ ನನ್ನ ಫೋನನ್ನು ನನಗಿಂತ ಹೆಚ್ಚು ಅವಳೇ ನೋಡುತ್ತಾಳೆ. ಅದಕ್ಕೇ ಈ ಕಾಗದ.

ಮೊನ್ನೆ ಹೊಸ ಕೋಟು ತೋರಿಸಲು ಒಂದು ಫೋಟೋ ಕಳಿಸಿದೆಯಲ್ಲ, ಅಮ್ಮ ಕೋಟು ನೋಡಿದಳು. ನನ್ನ ಕಣ್ಣು ಹೋದದ್ದು ನಿನ್ನ ಮೊಣಕೈ ಪಕ್ಕದಲ್ಲಿದ್ದ ಡಬ್ಬದ ಮೇಲೆ. ಒಳಗೆ ಕೆಂಪು ಶುಂಠಿಯ ಎಳೆಗಳು, ತೆಗೆದುಕೊಳ್ಳಲು ಪುಟ್ಟ ಇಕ್ಕಳ. ಇಪ್ಪತ್ತು ವರ್ಷದ ಮೇಲಾದರೂ ಗುರುತು ಹತ್ತಿತು. ಅದೇ ರಾತ್ರಿ ಅಮ್ಮ "ಮಧ್ಯಾಹ್ನ ಏನೇ ಊಟ?" ಅಂದಾಗ ನೀನು ಅರೆಗಳಿಗೆ ತಡೆದು "ಮೊಸರನ್ನ, ಸ್ವಲ್ಪ ಸಲಾಡ್" ಅಂದೆ. ಆ ತಡೆಯೂ ನನಗೆ ಹಳೆಯ ಪರಿಚಯವೇ, ಪುಟ್ಟಿ.

ಗಾಬರಿಯಾಗಬೇಡ, ಬೈಯಲು ಕೂತಿಲ್ಲ. ಬೈಯುವ ಯೋಗ್ಯತೆಯೂ ನನಗಿಲ್ಲ. ಯಾಕೆಂದು ಹೇಳುತ್ತೇನೆ.

2003ರ ನವೆಂಬರಿನಲ್ಲಿ ನಾಲ್ಕು ತಿಂಗಳ ತರಬೇತಿಗೆಂದು ನಾನು ಟೋಕಿಯೋಗೆ ಹೋದಾಗ ನೀನು ಎರಡು ವರ್ಷದ ಕೂಸು. ನಮ್ಮ ಮನೆಯಲ್ಲಿ ಆಗ ಮೊಟ್ಟೆಯೂ ಹೊಸ್ತಿಲು ದಾಟಿರಲಿಲ್ಲ. ನಿನ್ನಜ್ಜಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿಹಿಟ್ಟು ಎಲ್ಲ ಕಟ್ಟಿಕೊಟ್ಟಿದ್ದಳು. ಚಳಿಗೆ ಹಸಿವು ಇಮ್ಮಡಿಯಾಯಿತೋ, ಒಂಟಿತನಕ್ಕೋ ಕಾಣೆ, ಗೊಜ್ಜು ಹದಿನೈದು ದಿನಕ್ಕೆ ತಳ ಕಂಡಿತು.

ಕಾರ್ಖಾನೆಯ ಹತ್ತಿರ, ನಿನ್ನ ಫೋಟೋದಲ್ಲಿದ್ದಂಥ ಡಬ್ಬ ಇಡುವ ಒಂದು ಗ್ಯೂದೊನ್ ಅಂಗಡಿ ಇತ್ತು, ಅಂದರೆ ಅನ್ನದ ಮೇಲೆ ದನದ ಮಾಂಸ ಹಾಕಿ ಕೊಡುವ ಅಂಗಡಿ. ಕುದುರೆ ಲಾಳದ ಹಾಗೆ ಬಾಗಿದ ಕಟ್ಟೆ, ಸುತ್ತ ಎತ್ತರದ ಸ್ಟೂಲು. ಕೂತ ತಕ್ಷಣ ಮುಂದೆ ಒಂದು ಲೋಟ ಬಿಸಿ ಚಹಾ, ಅದಕ್ಕೆ ಕಾಸಿಲ್ಲ. 280 ಯೆನ್ನಿಗೆ ಒಂದು ಬಟ್ಟಲು. ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಬಂದುಬಿಡುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡದೆ ಹತ್ತು ನಿಮಿಷದಲ್ಲಿ ಉಂಡು ಏಳುತ್ತಿದ್ದರು. ಊಟವೋ, ಪೆಟ್ರೋಲ್ ತುಂಬಿಸುವುದೋ ಅನ್ನಿಸಿತ್ತು ಮೊದಲ ದಿನ. ಆಮೇಲೆ ತಿಳಿಯಿತು, ಅದು ಹುಟ್ಟಿದ್ದೇ ಆತುರದವರಿಗೋಸ್ಕರ. ಇಂಥ ಅಂಗಡಿಗಳನ್ನು ನಡೆಸುವ ಯೋಶಿನೋಯಾದವರು 1899ರಲ್ಲಿ ಮೊದಲ ಅಂಗಡಿ ಇಟ್ಟದ್ದು ನಿಹೊನ್‌ಬಾಶಿಯ ಮೀನುಪೇಟೆಯಲ್ಲಿ. ಬೆಳಗಿನ ಜಾವದಿಂದ ದುಡಿಯುವ ಜನಕ್ಕೆ ನಿಧಾನವಾಗಿ ಉಣ್ಣಲು ಹೊತ್ತೆಲ್ಲಿ? 1923ರ ಭೂಕಂಪದ ನಂತರ ಪೇಟೆ ತ್ಸುಕಿಜಿಗೆ ಹೋಯಿತು, ಅಂಗಡಿಯೂ ಅದರ ಹಿಂದೆಯೇ ಹೋಯಿತು.

ಮೊದಲ ಸಲ ನಾನು ಮಾಡಿದ್ದೇನು ಗೊತ್ತೇ? ಕೈಸನ್ನೆ ಮಾಡಿ ಮಾಂಸ ಬೇಡವೆಂದೆ. ಅವರಿಗೆ ಅರ್ಥವಾಗಲಿಲ್ಲ, ಬಟ್ಟಲು ಬಂತು. ಚೂರುಗಳನ್ನೆಲ್ಲ ಆರಿಸಿ ಅಂಚಿಗೆ ತಳ್ಳಿ, ಕೆಳಗಿನ ಅನ್ನ ಉಂಡು, ವ್ರತ ಉಳಿಸಿಕೊಂಡೆನೆಂದು ಬೀಗುತ್ತ ಎದ್ದೆ. ಪಕ್ಕದ ಮುದುಕರು ನಾನು ಬಿಟ್ಟ ಗುಡ್ಡೆಯನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಆ ಅನ್ನದ ಕಂದುಬಣ್ಣ, ಆ ಸಿಹಿ ಎಲ್ಲಿಂದ ಬಂತೆಂದು ಒಂದು ವಾರದ ಮೇಲೆ ಸಹೋದ್ಯೋಗಿಯೊಬ್ಬರು ಬಿಡಿಸಿ ಹೇಳಿದರು. ಮಾಂಸ, ಈರುಳ್ಳಿ, ಸೋಯಾ, ಸಿಹಿ ಮದ್ಯ ಒಟ್ಟಿಗೆ ಕುದ್ದ ರಸವನ್ನೇ ಮೇಲೆ ಸುರಿಯುವುದು. ಹೋಳು ಬಿಟ್ಟು ಹುಳಿಯನ್ನ ಉಂಡು, ಹುಳಿ ಮುಟ್ಟಿಲ್ಲವೆಂದು ಆಣೆ ಮಾಡಿದ ಹಾಗಾಯಿತು ನನ್ನ ಕಥೆ. ಪಕ್ಕದ ಮಿಸೊ ಸಾರಿನಲ್ಲೂ ಮೀನಿನ ಕಷಾಯ!

ಜನವರಿಯಲ್ಲಿ ಒಂದು ದಿನ ಹೊರಗೆ ಹಿಮ ಬೀಳುತ್ತಿತ್ತು. ಅಂದು ಆರಿಸಲಿಲ್ಲ. ಮೇಲೆ ಶುಂಠಿ ಹಾಕಿಕೊಂಡು ಪೂರ್ತಿ ಉಂಡೆ. ರುಚಿಯಾಗಿತ್ತು ಎಂದು ಬರೆಯಲು ಇವತ್ತಿಗೂ ಕೈ ತಡೆಯುತ್ತದೆ. ರುಚಿಯಾಗಿತ್ತು.

ಆ ರಾತ್ರಿ ಊರಿಗೆ ಫೋನು ಮಾಡಿದಾಗ ಊಟ ಏನೆಂದು ಅಜ್ಜಿ ಕೇಳಿದಳು. "ಮೊಸರನ್ನ" ಅಂದೆ. ನೋಡು, ಸುಳ್ಳು ಹೇಳುವುದರಲ್ಲೂ ನಮ್ಮ ವಂಶಕ್ಕೆ ಮೊಸರನ್ನ ಬಿಟ್ಟರೆ ಬೇರೇನೂ ಹೊಳೆಯುವುದಿಲ್ಲ.

ಈ ವಿಷಯದಲ್ಲಿ ಜಪಾನಿನವರೂ ನಮ್ಮ ನೆಂಟರೇ. ಅಲ್ಲಿಯ ಚಕ್ರವರ್ತಿ ತೆನ್ಮು 675ರಲ್ಲೇ ದನ, ಕುದುರೆ, ನಾಯಿ, ಕೋತಿ, ಕೋಳಿ ತಿನ್ನಬಾರದೆಂದು ಅಪ್ಪಣೆ ಹೊರಡಿಸಿದ್ದ. ಬುದ್ಧನ ಮಾತಿನ ಪ್ರಭಾವ. ಶತಮಾನಗಳ ಕಾಲ ಮಾಂಸವೆಂದರೆ ಅಲ್ಲಿ ಮುಜುಗರ. ತಿನ್ನುವವರು ತಿಂದರು, ಹೆಸರು ಮಾತ್ರ ಬದಲಾಯಿಸಿದರು. ಕುದುರೆ ಮಾಂಸಕ್ಕೆ ಚೆರ್ರಿ ಹೂ ಅಂದರು, ಜಿಂಕೆಗೆ ಮೇಪಲ್ ಎಲೆ. ಕಾಡುಹಂದಿ ಬೆಟ್ಟದ ತಿಮಿಂಗಿಲವಾಯಿತು; ತಿಮಿಂಗಿಲ ಮೀನಿನ ಲೆಕ್ಕ, ಮೀನಿಗೆ ದೋಷವಿಲ್ಲ! ಇನ್ನು ಕೆಲವರು ಔಷಧಿಗೆಂದು ತಿಂದರು. ಕಡೆಗೆ 1872ರಲ್ಲಿ ಮೇಜಿ ಚಕ್ರವರ್ತಿಯೇ ದನದ ಮಾಂಸ ತಿಂದನೆಂಬ ಸುದ್ದಿ ಹೊರಬಿದ್ದ ಮೇಲೆ ಜನಕ್ಕೆ ಹೂವಿನ ಹೆಸರು ಹುಡುಕುವ ಕಷ್ಟ ಅಷ್ಟಾಗಿ ಉಳಿಯಲಿಲ್ಲ.

ಇನ್ನೊಂದು ಸಂಗತಿ. ನಾನಿದ್ದಾಗಲೇ ಅಮೆರಿಕದಲ್ಲಿ ಹುಚ್ಚುಹಸು ರೋಗ ಕಾಣಿಸಿತು, ಜಪಾನು ಅಲ್ಲಿಯ ಮಾಂಸ ತರಿಸುವುದನ್ನು ನಿಲ್ಲಿಸಿತು. ಯೋಶಿನೋಯಾದವರು ಬೇರೆ ದೇಶದ ಮಾಂಸ ಹಾಕಿ ಅದೇ ಹೆಸರಿನಲ್ಲಿ ಮಾರಬಹುದಿತ್ತು. ಆ ರುಚಿ ಬರುವುದಿಲ್ಲವೆಂದು 2004ರ ಫೆಬ್ರುವರಿ 11ಕ್ಕೆ ಗ್ಯೂದೊನನ್ನೇ ನಿಲ್ಲಿಸಿದರು. ಕೊನೆಯ ಬಟ್ಟಲಿಗೆ ಜನ ಸಾಲುಗಟ್ಟಿದ್ದರು. ಆಮೇಲೆ ಹಂದಿಮಾಂಸ ಹಾಕಿದರು, ಅದಕ್ಕೆ ಹಂದಿಯದೇ ಹೆಸರಿಟ್ಟರು. ಹಾಸ್ಟೆಲಿನ ಟಿವಿಯಲ್ಲಿ ಆ ಸಾಲು ನೋಡುತ್ತ ನನಗೆ ಯಾಕೋ ಮುಖ ಬಿಸಿಯಾಯಿತು.

ಅಜ್ಜಿ ಹೋಗುವ ಎರಡು ವರ್ಷ ಮುಂಚೆ, ಕಾಳು ಬಿಡಿಸುತ್ತ ಕೂತವಳು ಇದ್ದಕ್ಕಿದ್ದಂತೆ ಕೇಳಿದಳು: "ಆ ಚಳಿ ಊರಲ್ಲಿ ಏನು ತಿಂತಿದ್ದೆಯೋ, ನಿಜ ಹೇಳು." ಮತ್ತೆ ಮೊಸರನ್ನ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, "ಹೊಟ್ಟೆ ತುಂಬ ಉಂಡಿದ್ದೆಯಾ ಅಂತ ಕೇಳಿದೆ ಅಷ್ಟೇ ಕಣೋ." ಅವಳಿಗೆ ಗೊತ್ತಿತ್ತೋ ಏನೋ. ಕೇಳಲು ಈಗ ಅವಳಿಲ್ಲ.

ನೀನು ಆ ಬಟ್ಟಲಲ್ಲಿ ಏನು ಉಂಡೆ, ಏನು ಬಿಟ್ಟೆ, ನಾನು ಕೇಳುವುದಿಲ್ಲ. ಉಣ್ಣು, ಬಿಡು, ಅದು ನಿನ್ನ ಮನಸ್ಸಿಗೆ ಬಿಟ್ಟದ್ದು. ಬಿಡುವುದಾದರೆ ಮೊದಲೇ ವಿಚಾರಿಸಿ ಬೇರೆ ಕಡೆ ಹೋಗು, ನನ್ನ ಹಾಗೆ ಗುಡ್ಡೆ ಹಾಕಬೇಡ. ಉಣ್ಣುವುದಾದರೆ ಜೊತೆಗೆ ಸೊಪ್ಪು ತರಕಾರಿಯೂ ಇರಲಿ. ರಸ ಹೆಚ್ಚು ಬೇಕೆಂದು ದಿನವೂ ಕೇಳಬೇಡ, ಬರೀ ಉಪ್ಪು. ಆದರೆ ಅಮ್ಮ ಕೇಳಿದಾಗ ಮೊಸರನ್ನ ಅನ್ನಬೇಡ, ಮಗಳೇ. ಅವಳು ಒಂದು ದಿನ ಮುಖ ಊದಿಸಿಕೊಳ್ಳಬಹುದು, ಎರಡು ದಿನ ದೇವರ ಮನೆಯಲ್ಲಿ ಹೆಚ್ಚು ಹೊತ್ತು ಕೂರಬಹುದು. ಅಷ್ಟನ್ನು ಅವಳು ತಡೆದುಕೊಳ್ಳುತ್ತಾಳೆ.

ಇನ್ನು ನನ್ನ ವಿಚಾರ. ಆ ಜನವರಿಯ ಬಟ್ಟಲಿನ ಕಥೆ ಅವಳಿಗೂ ಇಲ್ಲಿಯವರೆಗೆ ಹೇಳಿಲ್ಲ. ನೀನೊಬ್ಬಳೇ ಹೇಳಿ ನಾನು ಸುಮ್ಮನೆ ಕೂತರೆ ಅದಾವ ನ್ಯಾಯ? ಈ ಕಾಗದ ಕೈಸೇರಿದ ಮೇಲಿನ ಭಾನುವಾರ ಸಂಜೆ ಫೋನು ಮಾಡು, ಇಬ್ಬರೂ ಒಟ್ಟಿಗೇ ಹೇಳಿಬಿಡೋಣ. ಮೊದಲು ನೀನು ಶುರು ಮಾಡು. ನನಗೆ ಸ್ವಲ್ಪ ಧೈರ್ಯ ಸಾಲದು.

ನಿನ್ನ ಪ್ರೀತಿಯ,
ಅಪ್ಪ

ಮತ್ತೆ: ಗೊಜ್ಜು ಕುದಿಯುತ್ತಿದೆ, ಮನೆಯೆಲ್ಲ ಘಮಘಮ. ಅಲ್ಲಿಗೆ ಬರುವವರು ಯಾರಾದರೂ ಸಿಕ್ಕರೆ ಅಮ್ಮ ಎರಡು ಡಬ್ಬ ಕಳಿಸುತ್ತಾಳಂತೆ.