ಅಮೆರಿಕ ಸರ್ಕಾರ ಅರ್ಧ ಬಂದ್: ಅಲ್ಲಿ ಮಕ್ಕಳಿದ್ದರೆ ಏನು ನೋಡಿಕೊಳ್ಳಬೇಕು?

‘ಅಮೆರಿಕ ಸರ್ಕಾರ ಬಂದ್’ ಎಂದು ಟಿ.ವಿ.ಯಲ್ಲಿ ಬಂದರೆ ಗಾಬರಿಯಾಗಬೇಡಿ. ಮೊದಲು ತಿಳಿಯಬೇಕಾದದ್ದು ಒಂದೇ: ಯಾವ ಇಲಾಖೆಯ ಹಣ ನಿಂತಿದೆ?

ಅಲ್ಲಿ ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಇಲಾಖೆಗಳ ಖರ್ಚಿಗೆ ಸಂಸತ್ತು 12 ಮಸೂದೆಗಳನ್ನು ಪಾಸು ಮಾಡಬೇಕು. ಮಂಜೂರಾಗದ ಹಣ ಮುಟ್ಟುವುದು ಕಾನೂನುಬಾಹಿರ. ಕೆಲವು ಮಸೂದೆ ಪಾಸಾಗಿ ಕೆಲವು ಉಳಿದರೆ, ಉಳಿದ ಇಲಾಖೆಗಳಷ್ಟೇ ಮುಚ್ಚುತ್ತವೆ. 2018ರ ಡಿಸೆಂಬರ್ 22ರಿಂದ 35 ದಿನ ನಡೆದದ್ದು ಇದೇ. ಸುಮಾರು 8 ಲಕ್ಷ ನೌಕರರಿಗೆ ಸಂಬಳ ನಿಂತಿತು. ಅರ್ಧಕ್ಕಿಂತ ಹೆಚ್ಚು ಮಂದಿ ಸಂಬಳವಿಲ್ಲದೆಯೇ ಡ್ಯೂಟಿ ಮಾಡಿದರು.

ಇನ್ನು ವೀಸಾ. ವೀಸಾ, ಪಾಸ್‌ಪೋರ್ಟ್ ಕೆಲಸ ಬಹುಮಟ್ಟಿಗೆ ಅರ್ಜಿದಾರರ ಶುಲ್ಕದಿಂದಲೇ ನಡೆಯುವುದರಿಂದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಚೆನ್ನೈನಲ್ಲಿ ಸಂದರ್ಶನ ನಿಗದಿಯಾಗಿದ್ದರೆ ನೀವಾಗಿಯೇ ರದ್ದು ಮಾಡಬೇಡಿ. ದೂತಾವಾಸದ ಪ್ರಕಟಣೆ ನೋಡಿ ಹೊರಡಿ.

ಎಚ್-1ಬಿ ವಿಷಯ ಬೇರೆ. ಕಂಪನಿ ಬದಲಿಸುವವರಿಗೆ ಮೊದಲು ಕಾರ್ಮಿಕ ಇಲಾಖೆ ‘ಎಲ್‌ಸಿಎ’ (ಸಂಬಳ, ಕೆಲಸದ ಷರತ್ತುಗಳ ಅರ್ಜಿ) ಮಂಜೂರು ಮಾಡಬೇಕು. 2018ರಲ್ಲಿ ಆ ಇಲಾಖೆಗೆ ಹಣ ಮೊದಲೇ ಸಿಕ್ಕಿದ್ದರಿಂದ ತೊಂದರೆಯಾಗಲಿಲ್ಲ. 2025ರ ಅಕ್ಟೋಬರ್ 1ರಂದು ಯಾವ ಮಸೂದೆಯೂ ಪಾಸಾಗಿರಲಿಲ್ಲ. ಹೊಸ ಎಲ್‌ಸಿಎ ಕೆಲಸ ವಾರಗಟ್ಟಲೆ ನಿಂತಿತು. ಹಾಗಾಗಿ ಸಂಸತ್ತಿನಲ್ಲಿ ಜಗಳ ಬಲಿಯುತ್ತಿದೆ ಎನ್ನಿಸಿದಾಗಲೇ ಎಲ್‌ಸಿಎ ಹಾಕಿಸಿಬಿಡಿ. ಅದು ಕೈಗೆ ಬಂದು, ಹೊಸ ಕಂಪನಿಯ ಅರ್ಜಿ ಸಲ್ಲಿಕೆಯಾಗುವವರೆಗೆ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡಲೇಬೇಡಿ.

ಅಪ್ಪ ಅಮ್ಮ ಬಂದ್ ಸಮಯದಲ್ಲಿ ಪ್ರಯಾಣ ಹೊರಟಿದ್ದರೆ ವಿಮಾನ ಬದಲಿಸುವ ಊರಿನಲ್ಲಿ ಮೂರ್ನಾಲ್ಕು ತಾಸಾದರೂ ಬಿಡುವಿರಲಿ. ವಿಮಾನ ಸಂಚಾರ ನಿಯಂತ್ರಕರು, ತಪಾಸಣೆ ಸಿಬ್ಬಂದಿ ಸಂಬಳವಿಲ್ಲದೆ ದುಡಿಯುತ್ತಿರುತ್ತಾರೆ. ಮನೆ ಬಾಡಿಗೆ ಕಟ್ಟಲಾಗದವರು ಎಷ್ಟು ದಿನ ಬಂದಾರು? 2019ರ ಜನವರಿ 25ರಂದು ನಿಯಂತ್ರಕರ ಕೊರತೆಯಿಂದ ನ್ಯೂಯಾರ್ಕಿನ ಲಾಗಾರ್ಡಿಯಾಗೆ ಬರಬೇಕಿದ್ದ ವಿಮಾನಗಳನ್ನು ಕೆಲಹೊತ್ತು ತಡೆಹಿಡಿಯಬೇಕಾಯಿತು. ಬಂದ್ ಮುಗಿದದ್ದೂ ಅವತ್ತೇ.

ಪಿಂಚಣಿ, ಅಂಚೆ ನಡೆಯುತ್ತವೆ. ಮ್ಯೂಸಿಯಂ ನೋಡುವ ಆಸೆಯಿದ್ದರೆ ಮೊದಲೇ ವಿಚಾರಿಸಿ.

ಕೊನೆಯದು ಸಂಬಳ. ಸರ್ಕಾರಿ ನೌಕರರಿಗೆ ಬಾಕಿ ಕೊಡಲೇಬೇಕೆಂದು 2019ರಲ್ಲಿ ಕಾನೂನಾಯಿತು. ಗುತ್ತಿಗೆಯವರಿಗೆ ಆ ರಕ್ಷಣೆ ಇಲ್ಲ. ಕಚೇರಿ ಗುಡಿಸುವವರು, ಕ್ಯಾಂಟೀನಿನವರು ಕಳೆದುಕೊಂಡ ಕೂಲಿ ಹೋದದ್ದೇ. ಇದು ದೊಡ್ಡ ಅನ್ಯಾಯ. ಮಗನೋ ಮಗಳೋ ಸರ್ಕಾರಿ ಪ್ರಾಜೆಕ್ಟಿನ ಗುತ್ತಿಗೆ ಕಂಪನಿಯಲ್ಲಿದ್ದರೆ, ಬಂದ್ ಆದರೆ ಸಂಬಳದ ಕಥೆಯೇನೆಂದು ಎಚ್.ಆರ್.ಗೆ ಇಮೇಲ್‌ನಲ್ಲೇ ಕೇಳಲಿ. ಎಚ್-1ಬಿಯಲ್ಲಿರುವವರಿಗೆ ಪ್ರಾಜೆಕ್ಟ್ ನಿಂತಿತೆಂಬ ಕಾರಣಕ್ಕೆ ಕಂಪನಿ ಸಂಬಳ ತಡೆಯುವಂತಿಲ್ಲ.