ಶುಶ್ರೂಷೆಯಲ್ಲಿ ಮೊದಲು ಯಾರಿಗೆ? ಕೆಲಸ ಯಾರಿಂದ?

ಅಳದ ಮಗುವಿಗೆ ತಾಯಿಯೂ ಹಾಲು ಕೊಡಳೆಂದು ಗಾದೆಯುಂಟು. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬುದು ಇನ್ನೊಂದು. ಸಂಸಾರದಲ್ಲಿ ಇವೆರಡೂ ನಿಜವಿರಬಹುದು. ಆದರೆ ಆಸ್ಪತ್ರೆಯ ವಾರ್ಡಿನಲ್ಲಿ ಇವನ್ನು ನಂಬಿ ನಡೆದರೆ ಪ್ರಾಣಕ್ಕೇ ಸಂಚಕಾರ ಬಂದೀತು. ನಾನು ಕಲಾ ವಿಭಾಗದ ವಿದ್ಯಾರ್ಥಿನಿ. ಸರಕಾರಿ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ನಮ್ಮಕ್ಕನಿಂದ ಕೇಳಿ, ಕೆಲಮಟ್ಟಿಗೆ ಓದಿ ತಿಳಿದುದನ್ನು ವಾಚಕರ ಮುಂದಿಡುತ್ತೇನೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಏಕಕಾಲಕ್ಕೆ ನಾಲ್ವರು ರೋಗಿಗಳಿಗೆ ದಾದಿ ಬೇಕಾಗಿದ್ದಾಳೆ. ಒಬ್ಬನು ಮನೆಗೆ ಹೊರಡುವ ಚೀಟಿಗಾಗಿ ಕೂಗಾಡುತ್ತಿದ್ದಾನೆ. ಇನ್ನೊಬ್ಬನು ಗಾಯದ ನೋವಿನಿಂದ ನರಳುತ್ತಿದ್ದಾನೆ. ಮೂರನೆಯ ಮುದುಕನಿಗೆ ಗಂಜಿ ಕುಡಿಸಬೇಕು. ಬೆಳಿಗ್ಗೆ ಶಸ್ತ್ರಚಿಕಿತ್ಸೆಯಾದ ನಾಲ್ಕನೆಯವನು ಏನನ್ನೂ ಕೇಳದೆ ಮಲಗಿದ್ದಾನೆ. ಆದರೆ ಮುಖ ಬಿಳಿಚಿದೆ, ಮೈ ತಣ್ಣಗೆ ಬೆವರಿದೆ, ನಾಡಿ ವೇಗವಾಗಿ ಓಡುತ್ತಿದೆ. ಒಳಗೆ ರಕ್ತಸ್ರಾವವಾಗುತ್ತಿರಬಹುದೆಂಬುದಕ್ಕೆ ಇವು ಸೂಚನೆಗಳು. ಬಲ್ಲ ದಾದಿ ಮೊದಲು ಹೋಗುವುದು ಇವನ ಬಳಿಗೆ. ರಕ್ತದ ಒತ್ತಡವನ್ನೂ ಗಾಯದ ಪಟ್ಟಿಯನ್ನೂ ನೋಡಿ, ಕೂಡಲೇ ವೈದ್ಯರಿಗೆ ತಿಳಿಸುವಳು. ನರಳುವವನ ಸರದಿ ಅನಂತರ, ಚೀಟಿ ಕೊನೆಗೆ.

ಸಾಮಾನ್ಯವಾಗಿ ಅನುಸರಿಸುವ ಕ್ರಮವಿದು: ಮೊದಲು ಉಸಿರಿನ ದಾರಿ, ಬಳಿಕ ಉಸಿರಾಟ, ಆಮೇಲೆ ರಕ್ತಸಂಚಾರ, ಉಳಿದುದೆಲ್ಲ ಇವುಗಳ ಹಿಂದೆ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯನಾಗಿದ್ದ ದೊಮಿನಿಕ್ ಲಾರೆ ಎಂಬಾತನು ಗಾಯಾಳುವಿನ ಪದವಿಯನ್ನು ನೋಡದೆ, ಗಾಯದ ತೀವ್ರತೆಯನ್ನು ನೋಡಿ ಸರದಿ ಗೊತ್ತುಮಾಡಿದನು. ಪದವಿಯಂತೆ ಕೂಗೂ ಅಪಾಯದ ಅಳತೆಗೋಲಲ್ಲ.

ಇನ್ನು ಗಂಜಿಯ ಮಾತು. ಮುದುಕನಿಗೆ ನುಂಗಲು ತೊಂದರೆಯಿಲ್ಲದಿದ್ದರೆ ಆ ಕೆಲಸವನ್ನು ಸಹಾಯಕಿಗೆ ಒಪ್ಪಿಸಬಹುದು. ಆದರೆ ಅವನಿಗೆ ನಿನ್ನೆ ತಾನೇ ಪಾರ್ಶ್ವವಾಯು ಬಡಿದಿದ್ದರೆ, ಗಂಜಿ ಶ್ವಾಸನಾಳಕ್ಕೆ ಇಳಿಯುವ ಭಯವುಂಟು. ನುಂಗುವ ಶಕ್ತಿಯನ್ನು ಪರೀಕ್ಷಿಸುವ ತನಕ ಬಾಯಿಗೆ ಏನನ್ನೂ ಕೊಡಬಾರದು. ಕೆಲಸ ಒಂದೇ, ರೋಗಿಯ ಸ್ಥಿತಿ ಬೇರೆ. ಆದುದರಿಂದ ಒಪ್ಪಿಸುವ ಮುನ್ನ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದು ಒಪ್ಪಿಸತಕ್ಕ ಕೆಲಸವೇ? ರೋಗಿಯ ಸ್ಥಿತಿ ಅದಕ್ಕೆ ಅನುಕೂಲವಾಗಿದೆಯೇ? ಮಾಡುವವರು ಅದನ್ನು ಬಲ್ಲರೇ? ಸೂಚನೆ ಸ್ಪಷ್ಟವಾಗಿದೆಯೇ? ಆಮೇಲೆ ವಿಚಾರಿಸುವವರು ಯಾರು? ಜ್ವರ ಅಳೆಯುವುದು ಸಹಾಯಕಿಯ ಕೆಲಸವಾಗಬಹುದು; ಆ ಅಂಕಿಯ ಅರ್ಥವನ್ನು ನಿರ್ಣಯಿಸುವುದು ದಾದಿಯ ಕೆಲಸ. “ಸ್ವಲ್ಪ ನೋಡಿಕೊಳ್ಳಿ” ಎಂದರೆ ಸಾಲದು, “101 ಡಿಗ್ರಿ ದಾಟಿದರೆ ಕೂಡಲೇ ನನಗೆ ಹೇಳಿ” ಎನ್ನಬೇಕೆಂದು ನಮ್ಮಕ್ಕ ಹೇಳುತ್ತಾಳೆ.

1854ರಲ್ಲಿ 38 ಮಂದಿ ದಾದಿಯರೊಡನೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲಳಿಗೆ, ಎಲ್ಲವನ್ನೂ ಒಬ್ಬಳೇ ಮಾಡುವುದು ಸಾಧ್ಯವಿರಲಿಲ್ಲ. ತಾನಿಲ್ಲದಾಗಲೂ ಕೆಲಸ ನಡೆಯುವಂತೆ ಏರ್ಪಡಿಸುವುದೇ ಮೇಲ್ವಿಚಾರಣೆಯೆಂದು ಆಕೆ ತನ್ನ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ವಿವರಿಸಿದ್ದಾಳೆ. ಕೆಲಸವನ್ನು ಒಪ್ಪಿಸಿದ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ.

ನಾವೂ ಒಂದು ದಿನ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾದವರೇ. ದಾದಿ ನಮ್ಮ ಹಾಸಿಗೆಯನ್ನು ದಾಟಿ ಮುಂದಕ್ಕೆ ಹೋದಾಗ ಸಿಡುಕುವ ಮುನ್ನ, ಆಕೆ ಯಾರ ಬಳಿಗೆ ಹೋದಳೆಂದು ಒಮ್ಮೆ ನೋಡುವುದು ನಮ್ಮ ಕರ್ತವ್ಯ.